ಕಾಗದದ ಮೇಲೆ ಒಣಗದ ಇಂಕ್, ಹೆಡ್‌ನಲ್ಲಿ ಒಣಗಿದ ಇಂಕ್: ಭಾಗಮಂಡಲ ಕಡೆಯ ಒಂದು ಜೇನು ಲೇಬಲ್ ಪ್ರಕರಣ

ಜುಲೈ ಮೂರನೇ ವಾರ, ಬಿಡದೆ ಹೊಯ್ಯುವ ಮಳೆ. ಭಾಗಮಂಡಲ ಕಡೆಯ ಒಬ್ಬರು ಅಕ್ಕ ಮಡಿಕೇರಿಯ ನನ್ನ ರಿಪೇರಿ ಅಂಗಡಿಗೆ ಬಂದರು. ಟಾರ್ಪಾಲಿನಲ್ಲಿ ಸುತ್ತಿದ ಪ್ರಿಂಟರನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದಿದ್ದರು. ಅದು ಒಳ್ಳೆಯದೇ ಆಯ್ತು. ಬಾಟಲಿಯಿಂದ ಇಂಕ್ ಸುರಿದು ತುಂಬಿಸುವ ಟ್ಯಾಂಕ್ ಪ್ರಿಂಟರ್ ಓರೆಯಾದರೆ ಇಂಕ್ ಚೆಲ್ಲಿ ಇನ್ನೊಂದು ಕಷ್ಟ ಶುರುವಾಗುತ್ತದೆ. ಹೆಗಲ ಚೀಲದಿಂದ ಒಂದು ಜೇನಿನ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು.

ಬಾಟಲಿ ಎತ್ತಿ ನೋಡಿದೆ. ನನ್ನ ಹೆಬ್ಬೆರಳಿಗೆ ನೀಲಿ ಬಣ್ಣ ಹತ್ತಿತು. ಲೇಬಲ್ ಮೇಲಿದ್ದ ಕಾಫಿ ಹೂವಿನ ಚಿತ್ರ ಸುಮಾರಾಗಿ ಉಳಿದಿತ್ತು. ಅದರ ಕೆಳಗಿನ ಸಣ್ಣ ಅಕ್ಷರಗಳು, ಅಂದರೆ ತೂಕ, ಬೆಲೆ, ತಯಾರಾದ ತಿಂಗಳು, ಎಲ್ಲ ಒಂದಕ್ಕೊಂದು ಕಲಸಿ ನೇರಳೆ ಕಲೆಯಾಗಿತ್ತು. ಅಕ್ಕನ ಜೇನು ಮಾರುವ ಅಂಗಡಿಯವರು 40 ಬಾಟಲಿ ವಾಪಸ್ ಕಳಿಸಿದ್ದರು. ಅವರದ್ದು ತಪ್ಪಲ್ಲ. ಪ್ಯಾಕ್ ಮಾಡಿದ ವಸ್ತುಗಳಿಗೆ 2011ರ ನಿಯಮಗಳಿವೆ. ತೂಕ, ಎಂಆರ್‌ಪಿ, ತಿಂಗಳು, ವರ್ಷ, ತಯಾರಿಸಿದವರ ವಿಳಾಸ ಓದುವ ಹಾಗೆ ಇರಲೇಬೇಕು.

ಒಂದು ವಾರದಿಂದ ಪ್ರಿಂಟರ್ ಕೂಡ ಕೈ ಕೊಟ್ಟಿತ್ತು. ಕಪ್ಪು ಬಣ್ಣ ಬರುತ್ತಲೇ ಇರಲಿಲ್ಲ. ಉಳಿದ ಬಣ್ಣಗಳಲ್ಲಿ ಬಿಳಿ ಗೆರೆಗಳು.

"ಅಕ್ಕ, ಹೆಡ್‌ನಲ್ಲಿ ಇಂಕ್ ಒಣಗಿದೆ ಅನ್ಸುತ್ತೆ" ಅಂದೆ. ಹೆಡ್ ಅಂದರೆ ಕಾಗದದ ಮೇಲೆ ಇಂಕ್ ಚಿಮ್ಮಿಸುವ ಭಾಗ.

"ಅದು ಹೇಗಣ್ಣ? ಈ ಮಳೆಗೆ ಲೇಬಲ್ ಮೂರು ದಿನವಾದರೂ ಒಣಗ್ತಿಲ್ಲ. ಪ್ರಿಂಟರ್ ಒಳಗೆ ಮಾತ್ರ ಹೇಗೆ ಒಣಗುತ್ತೆ?"

ಬಹಳ ಒಳ್ಳೆಯ ಪ್ರಶ್ನೆ. ಅದಕ್ಕೆ ಸರಿಯಾದ ಉತ್ತರ ಹುಡುಕಲು ನನಗೆ ಹತ್ತು ದಿನ ಬೇಕಾಯಿತು. ಇಂಕ್‌ಜೆಟ್ ತಂತ್ರಜ್ಞಾನದಲ್ಲಿ ಇಷ್ಟು ವರ್ಷ ಎಂಜಿನಿಯರುಗಳು ಜಗಳವಾಡಿದ್ದೂ ಹೆಚ್ಚಾಗಿ ಇದೇ ಪ್ರಶ್ನೆಯ ಜೊತೆ. ಅದಕ್ಕೇ ಈ ಪ್ರಕರಣವನ್ನು ಪೂರ್ತಿ ಬರೆದಿಡುತ್ತಿದ್ದೇನೆ.

ಜೇನಿನಿಂದಲೇ ಅರ್ಥವಾದದ್ದು

ಇಂಕ್‌ಜೆಟ್ ಇಂಕಿನಲ್ಲಿ ಹೆಚ್ಚು ಪಾಲು ನೀರು. ಅದರಲ್ಲಿ ಬಣ್ಣ. ಜೊತೆಗೆ ಗ್ಲಿಸರಿನ್‌ನಂಥ, ನೀರನ್ನು ಹಿಡಿದಿಟ್ಟುಕೊಳ್ಳುವ ದ್ರವ ಸ್ವಲ್ಪ. ಆ ದ್ರವ ಯಾಕೆ ಬೇಕು? ಹೆಡ್‌ನ ತೂತುಗಳು, ಅಂದರೆ ನಾಝಲ್‌ಗಳು, ತುಂಬ ಸಣ್ಣ. ಸುಮಾರು 20 ಮೈಕ್ರಾನ್. ನಮ್ಮ ತಲೆಗೂದಲು ಅದರ ಮೂರು ಪಟ್ಟು ದಪ್ಪ ಇರುತ್ತದೆ. ಆ ತೂತಿನ ಬಾಯಲ್ಲಿ ಇಂಕು ಗಾಳಿಗೆ ಮುಖವೊಡ್ಡಿ ನಿಂತಿರುತ್ತದೆ. ಬರೀ ನೀರಾಗಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಆರಿ, ಬಣ್ಣ ಗಟ್ಟಿಯಾಗಿ, ಬೂಚು ಹಾಕಿದ ಹಾಗೆ ಕೂತುಬಿಡುತ್ತದೆ. ಗ್ಲಿಸರಿನ್ ಅದನ್ನು ತಡೆಯುತ್ತದೆ.

ಅಕ್ಕನಿಗೆ ಇದನ್ನು ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದೆ. ಉತ್ತರ ಮೇಜಿನ ಮೇಲೇ ಇತ್ತು.

"ಜೇನಿನ ಬಾಟಲಿ ಮುಚ್ಚಳ ತೆಗೆದಿಟ್ಟರೆ ಈ ಮಳೆಯಲ್ಲಿ ಏನಾಗುತ್ತೆ ಅಕ್ಕ?"

"ಗಾಳಿಯ ನೀರು ಎಳ್ಕೊಂಡು ತೆಳ್ಳಗಾಗುತ್ತೆ. ಆಮೇಲೆ ಹುಳಿ ಬರುತ್ತೆ."

ಅಷ್ಟೇ. ಗ್ಲಿಸರಿನ್‌ಗೂ ಜೇನಿಗೂ ಅದೇ ಗುಣ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಭಾಗಮಂಡಲ ಕಡೆ ಇನ್ನೂ ಜಾಸ್ತಿ. ಆ ದಿನ ನನ್ನ ಅಂಗಡಿಯ ತೇವಾಂಶ ಮೀಟರ್ ಶೇಕಡಾ 91 ತೋರಿಸುತ್ತಿತ್ತು. ಅಂಥ ಗಾಳಿಯಲ್ಲಿ ಕಾಗದದ ಮೇಲಿನ ಇಂಕು ನೀರು ಬಿಟ್ಟುಕೊಡುವುದೇ ಇಲ್ಲ. ಬಿಟ್ಟ ಸ್ವಲ್ಪವನ್ನೂ ವಾಪಸ್ ಎಳೆದುಕೊಳ್ಳುತ್ತದೆ. ಅಡುಗೆಮನೆಯ ಉಪ್ಪಿನ ಭರಣಿ ಆಷಾಢದಲ್ಲಿ ನೀರು ಬಿಡುತ್ತದಲ್ವಾ, ಹಾಗೆ.

ಲೇಬಲ್ ಉಳಿಸಲು ಅಕ್ಕ ಅದರ ಮೇಲೆ ಅಗಲದ ಸೆಲೋ ಟೇಪ್ ಹಚ್ಚಿದ್ದರು. ಅದರಿಂದ ಕೆಟ್ಟದ್ದೇ ಆಯ್ತು. ಒಣಗದ ಇಂಕಿನ ಮೇಲೆ ಟೇಪ್ ಕೂತರೆ ತೇವ ಹೊರಗೆ ಹೋಗಲು ದಾರಿಯೇ ಇಲ್ಲ. ಬಣ್ಣ ಟೇಪಿನ ಅಡಿಯಲ್ಲೇ ಪಕ್ಕಕ್ಕೆ ಹರಡುತ್ತಾ ಹೋಯಿತು. ಅಕ್ಷರಗಳು ಕಲಸಿದ್ದು ಅಲ್ಲೇ.

ಇದಿಷ್ಟು ಕಾಗದದ ಕಥೆ. ಹೆಡ್ ಯಾಕೆ ಒಣಗಿತು ಎಂಬುದು ಇನ್ನೂ ಹಾಗೇ ಉಳಿದಿತ್ತು. ಮೊದಲು ನಾನು ಡೂಪ್ಲಿಕೇಟ್ ಇಂಕ್ ಎಂದುಕೊಂಡೆ. ಬಾಟಲಿ ತರಿಸಿ ನೋಡಿದರೆ ಕಂಪನಿಯದ್ದೇ. ಆ ಅನುಮಾನದಲ್ಲಿ ಎರಡು ದಿನ ಕಳೆದೆ.

ಒಲೆಯ ಪಕ್ಕದ ಪ್ರಿಂಟರ್

ಭಾನುವಾರ ಅವರ ಮನೆಗೇ ಹೋದೆ. ಪ್ರಿಂಟರ್ ಇಟ್ಟಿದ್ದ ಜಾಗ ನೋಡಿದ ಕೂಡಲೇ ಅರ್ಧ ಉತ್ತರ ಸಿಕ್ಕಿತು.

ಮಳೆಗಾಲದಲ್ಲಿ ನಮ್ಮ ಕಡೆ ಹಾಳಾಗಬಾರದ ವಸ್ತು ಎಲ್ಲವೂ ಒಲೆಯ ಹತ್ತಿರ ಬರುತ್ತದೆ. ಮೆಣಸು, ಬಟ್ಟೆ, ಬೀಜ, ಬೆಂಕಿಪೊಟ್ಟಣ. ಅಕ್ಕನೂ ಪ್ರಿಂಟರನ್ನು ಅಡುಗೆಮನೆಯ ಗೋಡೆಗೆ ಹೊಡೆದ ಹಲಗೆಯ ಮೇಲೆ, ಸೌದೆ ಒಲೆಯಿಂದ ಎರಡು ಮಾರು ದೂರದಲ್ಲಿ ಇಟ್ಟಿದ್ದರು. ತೇವ ಹಿಡಿಯದಿರಲಿ ಎಂಬ ಕಾಳಜಿ. ಅಲ್ಲಿನ ಗಾಳಿ ಬೆಚ್ಚಗಿತ್ತು, ಒಣಗಿತ್ತು. ಇಡೀ ಮನೆಯಲ್ಲಿ ಒಣಗಾಳಿ ಇದ್ದದ್ದು ಆ ಮೂಲೆಯಲ್ಲೇ.

ಬರೀ ಅಷ್ಟಕ್ಕೆ ಹೆಡ್ ಒಣಗುವುದಿಲ್ಲ. ಕೆಲಸ ಮುಗಿದ ಮೇಲೆ ಹೆಡ್ ಬಲಗಡೆಯ ಮೂಲೆಗೆ ಹೋಗುತ್ತದೆ. ಅಲ್ಲಿ ಒಂದು ರಬ್ಬರ್ ಮುಚ್ಚಳ ಮೇಲೆದ್ದು ನಾಝಲ್‌ಗಳನ್ನು ಬಿಗಿಯಾಗಿ ಮುಚ್ಚುತ್ತದೆ. ಮುಚ್ಚಿದ ಹೆಡ್ ವಾರಗಟ್ಟಲೆ ಸುಖವಾಗಿರುತ್ತದೆ. ಆದರೆ ಅದು ಆ ಮೂಲೆಗೆ ಹೋಗಿ ಮುಚ್ಚಿಕೊಳ್ಳಲು ಕರೆಂಟ್ ಬೇಕು.

"ಪ್ರಿಂಟ್ ಆಗ್ತಿರುವಾಗ ಕರೆಂಟ್ ಹೋಗಿತ್ತಾ ಅಕ್ಕ?"

"ಹೋಗಿತ್ತು. ಲೈನ್ ಮೇಲೆ ಮರ ಬಿದ್ದು ಎರಡು ದಿನ ಇರಲೇ ಇಲ್ಲ. ಸ್ವಿಚ್ ತೆಗೆದಿಟ್ಟಿದ್ದೆ."

ಅಲ್ಲಿಗೆ ಎಲ್ಲ ಕೂಡಿಬಂತು. ಹೆಡ್ ನಡುದಾರಿಯಲ್ಲಿ ಬಾಯಿ ತೆರೆದು ನಿಂತಿತ್ತು. ಎರಡು ದಿನ ಒಲೆಯ ಬಿಸಿಗಾಳಿ ತಾಗಿತು. ಆಮೇಲೆ ಬಿಳಿ ಗೆರೆ ಕಂಡ ಅಕ್ಕ ಹೆಡ್ ಕ್ಲೀನಿಂಗ್ ಗುಂಡಿಯನ್ನು ಹನ್ನೊಂದು ಸಲ ಒತ್ತಿದರು. ಪ್ರತಿ ಸಲವೂ ಕೆಳಗಿನ ಪಂಪ್ ನಾಝಲ್‌ಗಳಿಂದ ಇಂಕ್ ಹೀರಿ, ಪ್ರಿಂಟರ್ ತಳದಲ್ಲಿರುವ ಫೆಲ್ಟ್ ಪ್ಯಾಡಿಗೆ ಸುರಿಯುತ್ತದೆ. ಟ್ಯಾಂಕಿನಲ್ಲಿದ್ದ ಇಂಕು ಹಾಗೆ ತಳ ಸೇರಿತು. ಪ್ಯಾಡ್ ತುಂಬಿದೆ ಎಂಬ ದೀಪವೂ ಹತ್ತಿಕೊಂಡಿತು. ಈ ತಪ್ಪು ಎಲ್ಲರೂ ಮಾಡುತ್ತಾರೆ. ಗುಂಡಿ ಇದೆ, ಒತ್ತುತ್ತಾರೆ. ಎರಡು ಸಲಕ್ಕೆ ಸರಿಹೋಗದಿದ್ದರೆ ಪ್ರಿಂಟರನ್ನು ಒಂದು ರಾತ್ರಿ ಸುಮ್ನೆ ಬಿಡಬೇಕು. ಗಟ್ಟಿಯಾದ ಇಂಕು ಹಿಂದಿನ ಹಸಿ ಇಂಕಿನಲ್ಲಿ ನೆನೆದು ತಾನೇ ಕರಗುವುದು ಎಷ್ಟೋ ಸಲ ಉಂಟು.

ಅಂಗಡಿಗೆ ಬಂದು ಭೂತಗನ್ನಡಿ ಹಿಡಿದು ಒಳಗೆ ನೋಡಿದೆ. ಹೆಡ್ ಒರೆಸುವ ಸಣ್ಣ ರಬ್ಬರ್ ಪಟ್ಟಿಯ ಅಂಚಿನಲ್ಲಿ ಬೂದಿ ಬಣ್ಣದ ಮೇಣದಂಥ ಪದರ ಇತ್ತು. ಹೊಗೆಯ ಮಸಿ ಇಂಕಿನ ಜೊತೆ ಸೇರಿ ಕಟ್ಟಿದ ಅಂಟು. ಪ್ರತಿ ಸಲ ಒರೆಸುವಾಗಲೂ ಆ ಪಟ್ಟಿ ಅದನ್ನೇ ನಾಝಲ್‌ಗಳ ಮೇಲೆ ಸವರುತ್ತಿತ್ತು. ಪಟ್ಟಿ ತೊಳೆದೆ. ನೂಲು ಬಿಡದ ಬಟ್ಟೆಯನ್ನು ಉಗುರುಬೆಚ್ಚಗಿನ ಡಿಸ್ಟಿಲ್ಡ್ ನೀರಲ್ಲಿ ನೆನೆಸಿ, ಮಡಚಿ, ಹೆಡ್ ಅಡಿಯಲ್ಲಿಟ್ಟೆ. ಬೆಳಿಗ್ಗೆ ಬಟ್ಟೆಯ ಮೇಲೆ ಕಪ್ಪು ಗೆರೆ ಸಾಲಾಗಿ ಇಳಿದಿತ್ತು. ಟೆಸ್ಟ್ ಪುಟದಲ್ಲಿ ಕಪ್ಪು ವಾಪಸ್ ಬಂತು, ನಾಲ್ಕೈದು ನಾಝಲ್ ಬಿಟ್ಟು. ಸಿರಿಂಜಿನಿಂದ ಜೋರಾಗಿ ನೀರು ಒತ್ತುವವರಿದ್ದಾರೆ. ನಾನು ಒತ್ತುವುದಿಲ್ಲ. ಹೆಡ್ ಒಳಗಿನ ಪದರಗಳಿಗೆ ಆ ಒತ್ತಡ ತಡೆಯುವುದಿಲ್ಲ.

ಪ್ರಿಂಟ್ ಮಾಡದ ಹೊತ್ತಿನ ಎಂಜಿನಿಯರಿಂಗ್

ಹೊಸ ಪ್ರಿಂಟರ್ ಕೊಳ್ಳಲು ಹೋದರೆ ಅಂಗಡಿಯಲ್ಲಿ ಎಷ್ಟು ಡಿಪಿಐ (ಒಂದು ಇಂಚಿನಲ್ಲಿ ಎಷ್ಟು ಚುಕ್ಕಿ), ನಿಮಿಷಕ್ಕೆ ಎಷ್ಟು ಪುಟ ಎಂದಷ್ಟೇ ಹೇಳುತ್ತಾರೆ. ಹದಿನೈದು ವರ್ಷ ಇವನ್ನು ಬಿಚ್ಚಿ ಜೋಡಿಸಿದ ನನಗೆ ಅನ್ನಿಸುವುದು ಬೇರೆ. ಇಂಕ್‌ಜೆಟ್ ಪ್ರಿಂಟರ್ ಕೆಲಸ ಮಾಡುವಾಗ ಕೆಡುವುದು ಅಪರೂಪ. ಅದು ಕೆಡುವುದು ಸುಮ್ನೆ ಕೂತಾಗ. ಹಾಗಾಗಿ ಸುಮ್ನೆ ಕೂತ ಹೊತ್ತಿಗಾಗಿ ಮಾಡಿದ ಸುಧಾರಣೆಗಳೇ ನಮ್ಮಂಥ ಊರಿಗೆ ಮುಖ್ಯ.

ಹನಿ ಹಾರಿಸುವುದು ಹಳೆಯ ವಿದ್ಯೆ. ಸ್ವೀಡನ್ನಿನಲ್ಲಿ ರೂನೆ ಎಲ್ಮ್‌ಕ್ವಿಸ್ಟ್ ಎಂಬವರು ಇಸಿಜಿ ಗೆರೆ ಎಳೆಯಲು ಇಂಕಿನ ಚಿಲುಮೆ ಬಳಸಿ 1951ರಲ್ಲಿ ಪೇಟೆಂಟ್ ಪಡೆದರು. ಮುಂದೆ 1958ರಲ್ಲಿ ಮನುಷ್ಯನ ದೇಹದೊಳಗೆ ಇಟ್ಟ ಮೊದಲ ಪೇಸ್‌ಮೇಕರ್ ಮಾಡಿದವರೂ ಅವರೇ. ಬೇಕಾದಾಗ ಮಾತ್ರ ಒಂದೊಂದೇ ಹನಿ ಹಾರಿಸುವ ಎರಡು ದಾರಿಗಳು 1970ರ ದಶಕದಲ್ಲಿ ಬಲಿತವು. ಒಂದರಲ್ಲಿ ವಿದ್ಯುತ್ ಕೊಟ್ಟಾಗ ಬಾಗುವ ಪೀಜೋ ಹರಳು ಇಂಕನ್ನು ಒತ್ತುತ್ತದೆ. ಇನ್ನೊಂದರಲ್ಲಿ ಪುಟ್ಟ ಹೀಟರ್ ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಸುಮಾರು 300 ಡಿಗ್ರಿಗೆ ಕಾದು, ಇಂಕಿನಲ್ಲಿ ಗುಳ್ಳೆ ಎಬ್ಬಿಸಿ ಹನಿಯನ್ನು ಹೊರಕ್ಕೆ ತಳ್ಳುತ್ತದೆ. ಈ ಎರಡನೆಯದು ಕ್ಯಾನನ್‌ನಲ್ಲಿ 1977ರಲ್ಲಿ ಹೊಳೆದದ್ದು ಬಿಸಿ ಸೋಲ್ಡರಿಂಗ್ ಕಡ್ಡಿ ಇಂಕ್ ತುಂಬಿದ ಸಿರಿಂಜಿನ ಸೂಜಿಗೆ ತಾಗಿದಾಗ ಎನ್ನುತ್ತಾರೆ. ಎಚ್‌ಪಿಯಲ್ಲಿ ಕಾಫಿ ಪರ್ಕೊಲೇಟರ್ ಕುದಿಯುವುದನ್ನು ನೋಡಿ ಹೊಳೆಯಿತು ಎಂಬ ಕಥೆ ಇದೆ. ಕಾಫಿ ನಾಡಿನವನಾದ ನನಗೆ ಆ ಕಥೆ ಇಷ್ಟ.

1984ರ ಎಚ್‌ಪಿ ಥಿಂಕ್‌ಜೆಟ್ ಪ್ರಿಂಟರಿಗೆ ಇದ್ದದ್ದು 12 ನಾಝಲ್. 2013ರಲ್ಲಿ ಅದೇ ಕಂಪನಿ ಪುಟದಗಲದ ಹೆಡ್ ಇರುವ ಆಫೀಸ್ ಪ್ರಿಂಟರ್ ತಂದಾಗ ಅದರಲ್ಲಿ 42,240 ನಾಝಲ್. ಹನಿಯೂ ಸಣ್ಣದಾಗುತ್ತಾ ಬಂತು. ಇವತ್ತಿನ ಮನೆ ಪ್ರಿಂಟರಿನ ಒಂದು ಹನಿ 4 ಪಿಕೋಲೀಟರ್ ಎಂದಿಟ್ಟುಕೊಳ್ಳಿ. ಪಿಕೋಲೀಟರ್ ಅಂದರೆ ಲೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಹಾಗಾದರೆ ಒಂದು ಮಿಲಿಲೀಟರ್ ಇಂಕಿನಲ್ಲಿ 25 ಕೋಟಿ ಹನಿ. ಹನಿ ಸಣ್ಣದಾಗಲು ತೂತು ಸಣ್ಣದಾಗಬೇಕು. ತೂತು ಸಣ್ಣದಾದಷ್ಟೂ ಕಟ್ಟಿಕೊಳ್ಳುವುದು ಸುಲಭ. ಚಿತ್ರ ಚೆಂದ ಮಾಡಲು ಹೋದ ದಾರಿಯೇ ಹೆಡ್ ಕಟ್ಟುವ ಕಷ್ಟವನ್ನೂ ಹೆಚ್ಚಿಸಿತು. ಅದಕ್ಕೆ ಹುಡುಕಿದ ಪರಿಹಾರಗಳು ನಿಜಕ್ಕೂ ಜಾಣತನದವು.

ಪೀಜೋ ಹೆಡ್‌ನ ಒಂದು ಉಪಾಯ ನನಗೆ ತುಂಬ ಇಷ್ಟ. ಹನಿ ಹಾರುವಷ್ಟು ಬಲ ಕೊಡದೆ, ಹರಳನ್ನು ಸ್ವಲ್ಪವೇ ನಡುಗಿಸುತ್ತಾರೆ. ನಾಝಲ್ ಬಾಯಲ್ಲಿರುವ ಇಂಕು ಅಲ್ಲೇ ಅಲುಗಾಡಿ, ಗಟ್ಟಿಯಾಗುತ್ತಿದ್ದ ಮೇಲ್ಪದರ ಒಳಗಿನ ಹಸಿ ಇಂಕಿನ ಜೊತೆ ಬೆರೆಯುತ್ತದೆ. ಹಾಲು ಕೆನೆಗಟ್ಟದಿರಲಿ ಎಂದು ಆಗಾಗ ಸೌಟು ಆಡಿಸುತ್ತೇವಲ್ಲ, ಅದೇ ಕೆಲಸ. ಪುಟದ ನಡುವೆ ಹೆಡ್ ಪಕ್ಕಕ್ಕೆ ಹೋಗಿ ಒಂದಷ್ಟು ಹನಿ ಉಗುಳಿ ಬರುವುದೂ ಇದಕ್ಕೇ. ಕಾರ್ಖಾನೆ ಯಂತ್ರಗಳಲ್ಲಿ ಇನ್ನೂ ಮುಂದೆ ಹೋದರು. 2007ರಲ್ಲಿ ಬಂದ ಝಾರ್ 1001 ಹೆಡ್‌ನಲ್ಲಿ ಇಂಕು ನಾಝಲ್ ಹಿಂಬದಿಯಲ್ಲಿ ಸದಾ ಹರಿಯುತ್ತಲೇ ಇರುತ್ತದೆ. ಗಾಳಿಗುಳ್ಳೆ, ಕಸ ನಿಲ್ಲುವುದಿಲ್ಲ. ಇಂದು ಮನೆ ನೆಲಕ್ಕೆ ಹಾಕುವ ಟೈಲ್ಸ್ ಮೇಲೆ ಮರದ, ಕಲ್ಲಿನ ಚಿತ್ರ ಮೂಡುವುದು ಇಂಥ ಹೆಡ್‌ಗಳಿಂದಲೇ. ಪುಟದಗಲದ ಹೆಡ್‌ಗಳಲ್ಲಿ ಸತ್ತ ನಾಝಲ್ ಯಾವುದು ಎಂದು ಯಂತ್ರವೇ ಪತ್ತೆ ಮಾಡಿ, ಅದರ ಕೆಲಸವನ್ನು ಅಕ್ಕಪಕ್ಕದವಕ್ಕೆ ಹಂಚುತ್ತದೆ.

ನಮ್ಮ ಅಕ್ಕನಿಗೆ ಇಷ್ಟೆಲ್ಲ ಬೇಕಿರಲಿಲ್ಲ. ಅವರ ಕೈಗೆಟುಕುವ ಸುಧಾರಣೆ ಎರಡು. ಒಂದು, ನೀರಿನಲ್ಲಿ ಕರಗದ ಬಣ್ಣದ ಪಿಗ್ಮೆಂಟ್ ಇಂಕ್. ಇನ್ನೊಂದು, ನಾವೇ ಬದಲಿಸಬಹುದಾದ ವೇಸ್ಟ್ ಇಂಕ್ ಡಬ್ಬಿ. ಹಳೆಯ ಯಂತ್ರಗಳಲ್ಲಿ ಫೆಲ್ಟ್ ಪ್ಯಾಡ್ ತುಂಬಿದರೆ ಸರ್ವಿಸ್ ಸೆಂಟರಿಗೇ ಹೊರಬೇಕು. ಭಾಗಮಂಡಲದಿಂದ ಮಳೆಯಲ್ಲಿ ಪ್ರಿಂಟರ್ ಹೊತ್ತು ಬರುವುದು ಎಂಥ ಕೆಲಸ ಎಂದು ನಾನೇ ನೋಡಿದೆ. ಈಗಿನ ಹಲವು ಮಾದರಿಗಳಲ್ಲಿ ಒಂದು ಸ್ಕ್ರೂ ಬಿಚ್ಚಿ ಹೊಸ ಡಬ್ಬಿ ತಳ್ಳಿದರೆ ಮುಗಿಯಿತು. ಯಾರೂ ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕದ ಈ ಡಬ್ಬಿಯೇ ನನ್ನ ಲೆಕ್ಕದಲ್ಲಿ ದೊಡ್ಡ ಸುಧಾರಣೆ.

ನಲ್ಲಿ ನೀರಿನ ಪರೀಕ್ಷೆ

ಡೈ ಇಂಕಿನಲ್ಲಿ ಬಣ್ಣ ನೀರಿನಲ್ಲಿ ಸಕ್ಕರೆಯ ಹಾಗೆ ಕರಗಿರುತ್ತದೆ. ಮತ್ತೆ ನೀರು ತಾಗಿದರೆ ಮತ್ತೆ ಕರಗುತ್ತದೆ. ಪಿಗ್ಮೆಂಟ್ ಇಂಕಿನಲ್ಲಿ ಬಣ್ಣ ಕರಗದ ಪುಡಿ. ಒಂದು ಕಣ ಸುಮಾರು 100 ನ್ಯಾನೋಮೀಟರ್. ಕಣಗಳು ಮುದ್ದೆಗಟ್ಟದ ಹಾಗೆ ಅವುಗಳ ಸುತ್ತ ಪಾಲಿಮರ್ ಇರುತ್ತದೆ. ಕಾಗದದ ಮೇಲೆ ನೀರು ಇಳಿದುಹೋದ ಮೇಲೆ ಕಣಗಳು ಅಲ್ಲೇ ಕಚ್ಚಿಕೊಳ್ಳುತ್ತವೆ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು ಎಂದು ಅಕ್ಕನ ಎದುರೇ ಮಾಡಿ ತೋರಿಸಿದೆ.

ಒಂದೇ ಲೇಬಲನ್ನು ನಾಲ್ಕು ಥರ ಪ್ರಿಂಟ್ ಮಾಡಿ, ಒಂದು ರಾತ್ರಿ ಬಿಟ್ಟು, ನಾಲ್ಕು ಖಾಲಿ ಬಾಟಲಿಗೆ ಅಂಟಿಸಿ, ನಲ್ಲಿ ಕೆಳಗೆ ಹಿಡಿದೆವು. ಸಾದಾ ಸ್ಟಿಕ್ಕರ್ ಕಾಗದದ ಮೇಲಿನ ಡೈ ಇಂಕ್ ಅರ್ಧ ನಿಮಿಷದಲ್ಲಿ ನೀಲಿ ನೀರಾಗಿ ಹರಿಯಿತು. ಕೋಟಿಂಗ್ ಇರುವ ಮ್ಯಾಟ್ ಕಾಗದದ ಮೇಲೆ ಡೈ ಸ್ವಲ್ಪ ತಡೆಯಿತು, ಆದರೆ ಅಕ್ಷರದ ಅಂಚು ಮಸುಕಾಯಿತು. ಸಾದಾ ಕಾಗದದ ಮೇಲಿನ ಪಿಗ್ಮೆಂಟ್ ಅಕ್ಷರ ಗಟ್ಟಿಯಾಗಿ ನಿಂತಿತು. ಕಾಗದವೇ ನೆನೆದು ಸುಲಿದು ಬಂತು! ನಾಲ್ಕನೆಯದು ಪ್ಲಾಸ್ಟಿಕ್ ಫಿಲ್ಮ್ ಲೇಬಲ್. ಅದರ ಮೇಲ್ಮೈಯಲ್ಲಿ ಇಂಕ್ ಹೀರಲೆಂದೇ ಹಚ್ಚಿದ, ಸೂಕ್ಷ್ಮ ತೂತುಗಳ ಪದರ ಇರುತ್ತದೆ. ಅದರ ಮೇಲಿನ ಪಿಗ್ಮೆಂಟ್ ಏನೂ ಆಗದೆ ಉಳಿಯಿತು. ಅಕ್ಕ ಸೆರಗಿನ ತುದಿಯಿಂದ ಎರಡು ಸಲ ತಿಕ್ಕಿ ನೋಡಿದರು. ಸೆರಗಿಗೆ ಬಣ್ಣ ಹತ್ತಲಿಲ್ಲ.

ಆದರೆ ಉಗುರಿನಿಂದ ಗೀರಿದಾಗ ಬಿಳಿ ಗೆರೆ ಬಿತ್ತು. ಪಿಗ್ಮೆಂಟ್ ಮೇಲ್ಮೈಯಲ್ಲೇ ಕೂರುವುದರಿಂದ ಉಜ್ಜಾಟಕ್ಕೆ ಡೈಗಿಂತ ಸೋಲುತ್ತದೆ. ನಮ್ಮ ರಸ್ತೆಯಲ್ಲಿ ಜೀಪಿನೊಳಗೆ ಬಾಟಲಿಗೆ ಬಾಟಲಿ ತಾಗುತ್ತಾ ಬಂದರೆ ಗೀರು ಖಂಡಿತ. ಬಾಟಲಿಗಳ ನಡುವೆ ರಟ್ಟು ಇಡಲು ಹೇಳಿದೆ. ಬಣ್ಣ ಡೈಯಷ್ಟು ಮಿರುಗುವುದಿಲ್ಲ ಎಂಬುದೂ ನಿಜ. ಕಾಫಿ ಹೂ ಸ್ವಲ್ಪ ಮಂಕಾಯಿತು ಎಂದು ಅಕ್ಕನಿಗೆ ಬೇಸರವಿತ್ತು.

ಲೇಸರ್ ಪ್ರಿಂಟರ್ ತರಬಹುದಾ ಎಂದೂ ಕೇಳಿದರು. ಅದರ ಟೋನರ್ ಬರೀ ಪುಡಿ, ನೀರೇ ಇಲ್ಲ, ಒಣಗುವ ಚಿಂತೆಯೂ ಇಲ್ಲ. ಆದರೆ ಅದು ಪುಡಿಯನ್ನು ಕರಗಿಸಿ ಅಂಟಿಸಲು ರೋಲರನ್ನು ತುಂಬ ಬಿಸಿ ಮಾಡುತ್ತದೆ. ಅದಕ್ಕೆ ನೂರಾರು ವ್ಯಾಟ್ ಬೇಕು, ಮನೆಯ ಸಣ್ಣ ಇನ್ವರ್ಟರ್ ತಾಳುವುದಿಲ್ಲ. ಸಾದಾ ಫಿಲ್ಮ್ ಲೇಬಲ್ ಆ ಬಿಸಿಗೆ ಮುದುಡಿ ಒಳಗೇ ಅಂಟಿಕೊಳ್ಳಬಹುದು. ಇಂಕ್‌ಜೆಟ್ಟಿಗೆ ಪ್ರಿಂಟ್ ಮಾಡುವಾಗಲೂ ಹತ್ತು ಇಪ್ಪತ್ತು ವ್ಯಾಟ್ ಸಾಕು. ಪ್ರೆಸ್ಸಿನಲ್ಲಿ ಸಾವಿರ ಲೇಬಲ್ ಹೊಡೆಸಿ, ತಿಂಗಳು ಮಾತ್ರ ಮನೆಯಲ್ಲಿ ಪ್ರಿಂಟ್ ಮಾಡಿ ಎಂದೂ ಹೇಳಿದ್ದೆ. ತುಡುವೆ ಜೇನು, ಕಾಡುಜೇನು, ಏಲಕ್ಕಿ ಹಾಕಿದ್ದು ಅಂತ ಮೂರು ಬಗೆ, ಎರಡು ಅಳತೆ. ಇರುವುದೇ ಒಟ್ಟು ನಾನ್ನೂರು ಬಾಟಲಿ. ಅವರಿಗೆ ಅದು ಹೊಂದಲಿಲ್ಲ.

ಕೊನೆಗೆ ನಾಲ್ಕೂ ಬಣ್ಣಕ್ಕೆ ಪಿಗ್ಮೆಂಟ್ ಇರುವ ಟ್ಯಾಂಕ್ ಪ್ರಿಂಟರ್ ತಂದರು. ಹಳೆಯದಕ್ಕೇ ಪಿಗ್ಮೆಂಟ್ ಸುರಿದರಾಯ್ತಲ್ಲ ಎಂದು ಕೇಳುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ಡೈಗೆಂದು ಮಾಡಿದ ಹೆಡ್‌ನಲ್ಲಿ, ಎರಡು ಇಂಕು ಬೆರೆತ ಕೊಳವೆಯಲ್ಲಿ, ಕಣಗಳು ಮುದ್ದೆಗಟ್ಟಿ ಹೆಡ್ಡೇ ಹೋಗುತ್ತದೆ. ಹಳೆಯದು ಈಗ ಮಕ್ಕಳ ಶಾಲೆ ಕೆಲಸಕ್ಕೆ.

ಪ್ರಿಂಟರ್ ಅಡುಗೆಮನೆ ಬಿಟ್ಟು ನಡುಮನೆಗೆ ಬಂತು. ಕಂಪ್ಯೂಟರಿಗೆ ಹಾಕುವಂಥ ಸಣ್ಣ ಯುಪಿಎಸ್ ಕೂಡಿಸಿದೆ. ಅದು ಕತ್ತಲಲ್ಲಿ ಪ್ರಿಂಟ್ ಮಾಡುವುದಕ್ಕಲ್ಲ. ಕರೆಂಟ್ ಹೋದರೆ ಪುಟ ಮುಗಿಸಿ, ಪ್ರಿಂಟರಿನದ್ದೇ ಗುಂಡಿ ಒತ್ತಿ, ಹೆಡ್ ಮೂಲೆ ಸೇರಿದ ಮೇಲೆ ಗೋಡೆಯ ಸ್ವಿಚ್ ತೆಗೆಯಲು ಐದು ನಿಮಿಷ ಸಿಗಲಿ ಎಂದು. ಲೇಬಲ್ ಹಾಳೆಗಳು ಬಿಗಿ ಮುಚ್ಚಳದ ಡಬ್ಬಕ್ಕೆ ಹೋದವು, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ. ಒಲೆಯ ಹತ್ತಿರದ ಆ ಹಲಗೆಯೂ ವ್ಯರ್ಥವಾಗಲಿಲ್ಲ. ಪ್ರಿಂಟಾದ ಲೇಬಲ್‌ಗಳು ಒಣಗುವುದು ಈಗ ಅಲ್ಲೇ, ಮಸಿ ಬೀಳದ ಹಾಗೆ ಮೇಲೊಂದು ಬಟ್ಟೆ ಹೊದಿಸಿ.

ಒಂದು ವಿಷಯ ಕಾದು ನೋಡಬೇಕಿತ್ತು. ಪಿಗ್ಮೆಂಟ್ ಇಂಕ್ ಸುಮ್ನೆ ಕೂತರೆ ಡೈಗಿಂತ ಬೇಗ ಕಟ್ಟಿಕೊಳ್ಳಬಹುದು. ನಮ್ಮಲ್ಲಿ ಜೇನು ತೆಗೆಯುವುದು ಕಾಫಿ ಹೂ ಮುಗಿದ ಮೇಲೆ, ಬೇಸಿಗೆಯಲ್ಲಿ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಲೇಬಲ್ ಕೆಲಸ ಹೆಚ್ಚುಕಡಿಮೆ ನಿಲ್ಲುತ್ತದೆ. ಗಾಳಿ ಒಣಗುವುದೂ ಆಗಲೇ. ಹಾಗಾಗಿ ಪ್ರತಿ ಸೋಮವಾರ ಒಂದು ಟೆಸ್ಟ್ ಪುಟ ತೆಗೆದು, ತಾರೀಕು ಬರೆದು ಫೈಲ್ ಮಾಡಲು ಹೇಳಿದ್ದೆ.

ಫೆಬ್ರವರಿಯಲ್ಲಿ ಆ ಕಡೆ ಹೋದಾಗ ಫೈಲ್ ನೋಡಿದೆ. ಒಂದು ಸೋಮವಾರವೂ ಬಿಟ್ಟಿರಲಿಲ್ಲ. ಜನವರಿಯ ಎರಡನೇ ಪುಟದಲ್ಲಿ ಗುಲಾಬಿ ಬಣ್ಣದ ಏಣಿಯಲ್ಲಿ ಒಂದು ಮೆಟ್ಟಿಲು ಇರಲಿಲ್ಲ. ಟೆಸ್ಟ್ ಪುಟದಲ್ಲಿ ನಾಝಲಿಗೊಂದು ಗೆರೆ ಮೆಟ್ಟಿಲಿನ ಹಾಗೆ ಮೂಡುತ್ತದೆ, ಕಟ್ಟಿಕೊಂಡ ನಾಝಲಿನದ್ದು ಮೂಡುವುದಿಲ್ಲ. ಪಕ್ಕದಲ್ಲಿ ಅಕ್ಕ ಪೆನ್ಸಿಲಿನಲ್ಲಿ "ಕ್ಲೀನಿಂಗ್ ಒತ್ತಿಲ್ಲ, ನಾಳೆ ನೋಡುವುದು" ಎಂದು ಬರೆದಿದ್ದರು. ಮಂಗಳವಾರದ ಪುಟದಲ್ಲಿ ಆ ಮೆಟ್ಟಿಲು ವಾಪಸ್ ಬಂದಿತ್ತು.